ತೇಗಿಗೊಂದು ತಿದ್ದುಪಡಿ

ಭೂಮಿ ಬಿಸಿಯಾಗುತ್ತಿರುವುದರಲ್ಲಿ ತಮ್ಮ ಮನೆಯ ಹಿತ್ತಲಿನ ಪಾಲೂ ಇದೆಯೆಂದು ತಿಳಿದ ದಿನ ತಿದ್ದುಪಡಿ ಸಾಹೇಬರಿಗೆ ಊಟವೇ ಸೇರಲಿಲ್ಲ. (ಅಂದರೆ ಮೂರನೆಯ ಸಲ ಬಡಿಸಿಕೊಳ್ಳಲಿಲ್ಲ, ಅಷ್ಟೆ.)

ಸಾಹೇಬರೆಂದರೆ ದೊಡ್ಡ ಅಧಿಕಾರಿಯೇನಲ್ಲ. ಪತ್ರಿಕೆಯೊಂದರಲ್ಲಿ ಕರಡು ತಿದ್ದುವ ಕೆಲಸ. ಅಂಗಡಿಯ ಬೋರ್ಡು, ಔಷಧಿಯ ಚೀಟಿ, ನೆಂಟರ ಮಾತು, ಎದುರಿಗೆ ಬಂದದ್ದನ್ನೆಲ್ಲ ತಿದ್ದುವ ಚಟಕ್ಕೆ ಬೀದಿಯವರು ದಯಪಾಲಿಸಿದ ಬಿರುದು ಅದು. ತಿದ್ದಲಾಗದೆ ಉಳಿದವಳು ಹೆಂಡತಿ ಒಬ್ಬಳೇ. ಹಿತ್ತಲಲ್ಲಿ ಎರಡು ಹಸು ಕಟ್ಟಿ, ಮನೆಮನೆಗೆ ಹಾಲು ಹಾಕಿ ಸಂಸಾರ ತೂಗಿಸುತ್ತಿದ್ದವಳೂ ಅವಳೇ.

"ಲೇ, ಹಸು ಮೆಲುಕು ಹಾಕ್ತಾ ತೇಗುತ್ತಲ್ಲ, ಅದರಲ್ಲಿ ಮೀಥೇನ್ ಅಂತ ಅನಿಲ ಬರುತ್ತೆ. ಭೂಮಂಡಲವನ್ನೇ ಬಿಸಿ ಮಾಡುತ್ತೆ!"

"ಊಟ ಆದ್ಮೇಲೆ ನೀವು ತೇಗೋದು ಬೀದಿ ತುದಿಗೂ ಕೇಳ್ಸುತ್ತೆ. ಅದರ ಬಗ್ಗೆ ಪತ್ರಿಕೇಲಿ ಏನೂ ಬಂದಿಲ್ವಾ?"

"ತಮಾಷೆ ಅಲ್ಲ ಕಣೇ. ನಾಳೆಯಿಂದ ಇವು ತೇಗಕೂಡದು."

"ನಾಳೆ ಬೇಕರಿಯವರಿಗೆ ಮೊದಲನೇ ಸಲ ಹಾಲು ಕೊಡ್ತಿದೀನಿ. ಅವರಿಗೆ ಒಪ್ಪಿಗೆ ಆದ್ರೆ ದಿನಾ ಅಷ್ಟೂ ಹಾಲು ಅವರೇ ತಗೋತಾರೆ. ಮಂಡಿನೋವು ಇಟ್ಕೊಂಡು ನಾನು ಕಂಡವರ ಮೆಟ್ಟಿಲು ಹತ್ತೋದು ತಪ್ಪುತ್ತೆ. ನಿಮ್ಮ ಭೂಮಂಡಲ ನಾಡಿದ್ದು ನೋಡೋಣ."

ನಾಡಿದ್ದು! ಸಾಹೇಬರ ಮೈ ಉರಿಯಿತು. ಆ ಉರಿಯಲ್ಲಿ ತಪ್ಪೇನೂ ಇಲ್ಲ. ಸರ್ಕಾರಗಳೂ ಕಂಪನಿಗಳೂ ಈ ನಾಡಿದ್ದನ್ನೇ ಹೊದ್ದು ಮಲಗಿವೆ. ಬೆರಳು ತೋರಿಸಲು ಮಾತ್ರ ತಿರುಗಿ ಮಾತಾಡದ ಒಂದು ಪ್ರಾಣಿ ಸಿಕ್ಕಿದೆ. ಕಟ್ಟಿಹಾಕಿದವರು ನಾವು, ಹಾಲು ಕುಡಿದವರು ನಾವು, ಆರೋಪಿ ಹಸು. ಸಾಹೇಬರ ಸಿಟ್ಟು ಸರಿಯಾಗಿಯೇ ಇತ್ತು. ಆಮೇಲೆ ಅವರು ಮಾಡಿದ್ದು ಸರಿಯಿರಲಿಲ್ಲ.

ತಾವೇ ಕರಡು ತಿದ್ದಿದ ಲೇಖನದಲ್ಲಿ 'ಬೆಳ್ಳುಳ್ಳಿ' ಎಂಬ ಪದವಿತ್ತು. ಎರಡೂ ಕಡೆ ಒತ್ತು ಬಿದ್ದಿದೆಯೇ ಎಂದು ಕಣ್ಣಲ್ಲಿ ಕಣ್ಣಿಟ್ಟು ನೋಡಿದ್ದರು. ಅದರಿಂದ ತೇಗು ತಗ್ಗಬಹುದು ಎಂದೇನೋ ಇತ್ತು. ಮುಂದಿನ ಸಾಲಿಗೊಂದು ಅಲ್ಪವಿರಾಮ ಸೇರಿಸಿದ್ದೂ ಚೆನ್ನಾಗಿ ನೆನಪಿತ್ತು. ಸಾಲು ಮಾತ್ರ ನೆನಪಿರಲಿಲ್ಲ.

ಸಂಜೆ ಹೆಂಡತಿ ಮೇವು ತರಲು ಹೊರಟದ್ದೇ ತಡ, ಅಡುಗೆಮನೆಯ ಬುಟ್ಟಿಯಲ್ಲಿದ್ದ ಅಷ್ಟೂ ಬೆಳ್ಳುಳ್ಳಿಯನ್ನು ಜಜ್ಜಿ, ಬೂಸಾ ಬೆಲ್ಲದಲ್ಲಿ ಕಲಸಿ ಹಸುಗಳ ಮುಂದಿಟ್ಟರು. ಅವು ಬಾನಿ ನೆಕ್ಕಿ ಹೊಳಪು ಬರಿಸಿದವು. ಸಾಹೇಬರು ಅವುಗಳ ಬಾಯಿಯ ಬಳಿ ಕಿವಿಯಿಟ್ಟು ಕೂತರು. ಒಂದು ತೇಗೂ ಕೇಳಿಸಲಿಲ್ಲ. (ಹಸು ಸದ್ದಿಲ್ಲದೆ ತೇಗುತ್ತದೆಂಬುದೂ ಲೇಖನದಲ್ಲಿತ್ತು.) ಲೋಕೋದ್ಧಾರ ಮಾಡಿದ ನೆಮ್ಮದಿಯಲ್ಲಿ ಮಲಗಿದರು.

ಬೆಳಿಗ್ಗೆ ಬೇಕರಿಗೆ ಕಳಿಸಿದ ಹಾಲಿನ ಕ್ಯಾನು ತುಂಬಿದಂತೆಯೇ ವಾಪಸು ಬಂತು, ಅದರ ಹಿಂದೆಯೇ ಬೇಕರಿಯವನೂ ಬಂದ.

"ಅಮ್ಮಾ, ನಾನು ಕೇಕು ಮಾಡೋನು. ಹಾಲಿಗೆ ನೀವೇ ಒಗ್ಗರಣೆ ಹಾಕಿ ಕಳಿಸಿಬಿಟ್ರೆ ಹೇಗೆ?"

ಆಕೆ ಹಾಲು ಮೂಸಿದಳು, ಒಳಗೆ ಹೋಗಿ ಬುಟ್ಟಿ ನೋಡಿದಳು, ಬಂದು ಗಂಡನ ಬೆರಳು ಮೂಸಿದಳು.

"ಭೂಮಿಗೋಸ್ಕರ ಕಣೇ," ಎಂದರು ಸಾಹೇಬರು.

"ಬೆಳ್ಳುಳ್ಳಿ ಹಾಕಿದ್ರಾ?" ಬೇಕರಿಯವನು ಬಾಯ್ಬಿಟ್ಟ. "ಹಳೇ ಪೇಪರಲ್ಲಿ ಬನ್ ಕಟ್ಟೋವಾಗ ನಾನೇ ಓದಿದೀನಲ್ಲ ಸಾರ್ ನಿಮ್ಮ ಪತ್ರಿಕೇಲಿ! ಪಶುವೈದ್ಯರನ್ನ ಕೇಳದೆ ಕೊಡಬೇಡಿ, ಹಾಲು ನಾರುತ್ತೆ ಅಂತ. ಒಂದಕ್ಷರ ತಪ್ಪಿಲ್ದೆ ಅಚ್ಚಾಗಿತ್ತು. ತಿಂದ ಮೇವಿನ ಸತ್ವ ಒಂದಿಷ್ಟು ತೇಗಲ್ಲೇ ಹೋಗಿಬಿಡುತ್ತೆ ಅಂತಾನೂ ಇತ್ತು."

"ನಾನು ಹೊತ್ತು ತಂದ ಮೇವಾ?" ಆಕೆ ಗಂಡನ ಕಡೆ ತಿರುಗಿದಳು. "ಇದನ್ನ ಯಾಕ್ರೀ ಹೇಳ್ಲಿಲ್ಲ? ಭೂಮಂಡಲ ಅಂದ್ರಿ, ಮೇವು ಅನ್ನಲಿಲ್ಲ. ಅಂದಿದ್ರೆ ನಿನ್ನೇನೇ ಪಶುವೈದ್ಯರ ಹತ್ರ ಓಡ್ತಿದ್ದೆ."

ಸಾಹೇಬರಿಗೆ ಲೋಕಕ್ಕೆ ಬುದ್ಧಿ ಹೇಳುವ ಭರದಲ್ಲಿ ಎದುರಿಗಿದ್ದವಳನ್ನು ಒಂದು ಮಾತು ಕೇಳಬೇಕೆಂದು ತೋಚಿರಲೇ ಇಲ್ಲ.

ಬೇಕರಿಯವನು ಕರಗಿದ. "ಹೋಗ್ಲಿ ಅಮ್ಮಾ, ವಾರ ಬಿಟ್ಟು ಇನ್ನೊಂದು ಸಲ ಕೊಡಿ, ನೋಡೋಣ. ಆದ್ರೆ ಸಾರ್ ಹಿತ್ತಲಿಗೆ ಕಾಲಿಡಬಾರದು."

ಅವನು ಹೋದದ್ದೇ ಸಾಹೇಬರು ಕ್ಯಾನೆತ್ತಿಕೊಂಡು ಮೆಲ್ಲಗೆ ಚರಂಡಿಯ ಕಡೆ ನಡೆದರು. ಹೆಂಡತಿ ಅಡ್ಡ ನಿಂತಳು.

"ಚೆಲ್ತೀರಾ? ಇಷ್ಟು ಹಾಲಿಗೆ ಅವು ತೇಗಿ ಆಗಿದೆ. ಭೂಮಿ ಕಾದೂ ಆಗಿದೆ. ಈಗ ಚರಂಡಿಗೆ ಹಾಕಿದ್ರೆ ಆ ಬಿಸಿ ಯಾರ ಸುಖಕ್ಕೆ?"

ಅವಳ ಮಾತಿನಲ್ಲಿ ತಿದ್ದಲು ಏನೂ ಸಿಗಲಿಲ್ಲ. ಸಾಹೇಬರು ಮೂಗು ಹಿಡಿದು ಒಂದು ಲೋಟ ಕುಡಿದರು. ಎರಡನೆಯದನ್ನು ಕಣ್ಣು ಮುಚ್ಚಿ ಕುಡಿದರು. ಮೂರನೆಯದು ಇಳಿಯುತ್ತಿದ್ದಂತೆ ಹೊಟ್ಟೆಯ ಆಳದಿಂದ ಘನಗಂಭೀರವಾದ ತೇಗೊಂದು ಎದ್ದು ಹಿತ್ತಲನ್ನೆಲ್ಲ ತುಂಬಿತು.

ಹಸುಗಳೆರಡೂ ಮೆಲುಕು ನಿಲ್ಲಿಸಿ ಅವರನ್ನೇ ನೋಡಿದವು.

"ಭೇಷ್!" ಎಂದಳು ಹೆಂಡತಿ, ನಾಲ್ಕನೆಯ ಲೋಟ ತುಂಬಿಸುತ್ತ. "ನೀವು ತೇಗಿದ ಮೇಲೆ ಅವು ತೇಗೋದು ನಿಲ್ಲಿಸಿದವು. ದಿನಾ ಬಂದು ಕೂತ್ಕೊಳ್ಳಿ."