ಇನ್ನೂ ಆರದ ಎಕ್ಸ್‌ರೇ

ಎಂಆರ್‌ಐ ಮೆಷಿನಲ್ಲಿ ರೇಡಿಯೇಶನ್ ಇಲ್ಲ ಸ್ವಾಮಿ, ಇರೋದು ಅಯಸ್ಕಾಂತ. ಕಾಕ್ಸ್ ಟೌನಿನ ನಮ್ಮ ಸ್ಕ್ಯಾನ್ ಸೆಂಟರಲ್ಲಿ ದಿನಕ್ಕೆ ಹತ್ತು ಸಲ ಇದನ್ನ ಹೇಳ್ತೀನಿ. ಹೇಳಿ ಮುಗಿಸೋದ್ರೊಳಗೆ ಹೊಸ ಫಜೀತಿ ಬಾಗಿಲಲ್ಲಿ ನಿಂತಿರುತ್ತೆ. ಚಿತ್ರ ಎದ್ದು ಕಾಣ್ಲಿ ಅಂತ ಕೆಲವರಿಗೆ ಕಾಂಟ್ರಾಸ್ಟ್ ಅನ್ನೋ ಔಷಧಿ ಚುಚ್ತೀವಲ್ಲ, ಅರ್ಧ ರಗಳೆ ಅದರದ್ದೇ.

೧. ಬೆಚ್ಚಗೆ ಮಲಗಿದ ಬಾಟಲಿ

ಕಾಂಟ್ರಾಸ್ಟ್ ಇಡೋ ಕಪಾಟಿನ ಹಿಂದೆಯೇ ಎಕ್ಸ್‌ರೇ ರೂಮು. ಕಿರಣ ತಾಗಿ ಔಷಧಿ ಕೆಟ್ಟುಹೋದ್ರೆ ಅಂತ ಹೊಸ ಸಿಸ್ಟರ್‌ಗೆ ಗಾಬರಿ. ಒಂದು ಬೆಳಿಗ್ಗೆ ಎಕ್ಸ್‌ರೇ ಟೆಕ್ನಿಶಿಯನ್ ಕಿರಣ ತಡೆಯೋ ತನ್ನ ಸೀಸದ ಏಪ್ರನ್ ಕಾಣ್ದೆ ಒದ್ದಾಡ್ತಿದ್ದ. ಕಪಾಟು ತೆಗೆದ್ರೆ ಬಾಟಲಿಗಳು ಅದನ್ನ ಹೊದ್ಕೊಂಡು ಮಲಗಿವೆ!

"ಸಿಸ್ಟರ್, ಹಾಗಾದ್ರೆ ನನ್ನ ಗತಿ?"

"ನಿಮಗೆ ಎಕ್ಸ್‌ಪೈರಿ ಡೇಟ್ ಇಲ್ವಲ್ಲ ಸಾರ್!"

೨. ಫ್ಯಾನಿನ ಕೆಳಗೆ

ಇನ್ನೊಂದು ದಿನ ಹಲಸೂರಿನ ಜಿಮ್ ಮಾಸ್ಟರ್ ಒಬ್ರಿಗೆ ಅದೇ ಸಿಸ್ಟರ್, "ಈಗ ತಾನೇ ಎದೆ ಎಕ್ಸ್‌ರೇ ಆಗಿದೆ, ಸ್ವಲ್ಪ ಹೊತ್ತು ಬಿಟ್ಟು ಕಾಂಟ್ರಾಸ್ಟ್" ಅಂದಿದ್ರು. ನಾನು ಹೊರಗೆ ಬಂದ್ರೆ ಈ ಮನುಷ್ಯ ಶರ್ಟ್ ಬಿಚ್ಚಿ, ಕೈ ಎರಡೂ ಅಗಲಿಸಿ ಫ್ಯಾನಿನ ಕೆಳಗೆ ನಿಂತಿದಾರೆ.

"ಏನ್ ಗುರು ಇದು?"

"ಎಕ್ಸ್‌ರೇ ಆರ್ತಾ ಇದೆ ಸಾರ್. ಬೆನ್ನ ಕಡೆ ಇನ್ನೂ ಸ್ವಲ್ಪ ಇದೆ."

೩. ಅಜ್ಜಿಯ ಉಪಕಾರ

ಕೆ.ಆರ್. ಪುರಂನಿಂದ ಒಬ್ಬ ಅಜ್ಜಿ ಬಂದ್ರು. ತಲೇಲಿ ಗಡ್ಡೆ, ರೇಡಿಯೇಶನ್ ಚಿಕಿತ್ಸೆ ಮುಗಿದಿತ್ತು. ಗಡ್ಡೆ ಕುಗ್ಗಿದೆಯಾ ಅಂತ ನೋಡೋಕೆ ಈ ಸ್ಕ್ಯಾನ್. ಸೂಜಿ ಕಂಡಿದ್ದೇ ಕೈ ಹಿಂದಕ್ಕೆ ಎಳ್ಕೊಂಡ್ರು.

"ಬೇಡಪ್ಪಾ. ಮೈಯೆಲ್ಲಾ ರೇಡಿಯೇಶನ್ ತುಂಬ್ಕೊಂಡಿದೆ. ನಿನ್ನ ಔಷಧಿ ಅದರ ಜೊತೆ ಸೇರಿ ವಿಷ ಆಗ್ಬಿಟ್ರೆ? ಒಂದು ತಿಂಗಳಿಂದ ಮೊಮ್ಮಗೂನೇ ಮುಟ್ಟಿಲ್ಲ ನಾನು."

ಓಡಿಹೋಗಿ ಡಾಕ್ಟರ್ ಕರ್ಕೊಂಡು ಬಂದೆ. ಅವರು ಪಕ್ಕದಲ್ಲೇ ಕೂತು, "ಅಜ್ಜಿ, ನಿಮಗೆ ಕಿರಣ ಕೊಟ್ಟಿದ್ದು ಹೊರಗಿಂದ. ಮೆಷಿನ್ ಆಫ್ ಆದ್ರೆ ಅದೂ ಮುಗೀತು. ಮೈಯಲ್ಲಿ ಏನೂ ಉಳ್ಕೊಂಡಿಲ್ಲ, ಇನ್ನು ಔಷಧಿ ಕೆಡಿಸೋಕೆ ಏನಿದೆ?" ಅಂದ್ರು.

"ಮಗೂನ ಎತ್ಕೋಬಹುದಾ?"

"ಸ್ಕ್ಯಾನ್ ಮುಗಿದ ತಕ್ಷಣ ಎತ್ಕೊಳ್ಳಿ."

ಕೈ ತಾನಾಗೇ ಮುಂದೆ ಬಂತು. ಸ್ಕ್ಯಾನ್ ಮುಗಿದದ್ದೇ ಅಜ್ಜಿ ಹೊರಗೆ ಹೋಗಿ, ಸೊಸೆ ಕೈಯಿಂದ ಮಗೂನ ಕಿತ್ಕೊಂಡು ಮುದ್ದಾಡಿದ್ದೇ ಮುದ್ದಾಡಿದ್ದು. ನನ್ನ ಕಣ್ಣೂ ಒದ್ದೆಯಾಯ್ತು.

ಆಮೇಲೆ ನನ್ನನ್ನ ಪಕ್ಕಕ್ಕೆ ಕರೆದ್ರು.

"ಒಂದು ಉಪಕಾರ ಮಾಡಪ್ಪಾ. ನಮ್ಮನೆಯವರು ನಲವತ್ತು ವರ್ಷದಲ್ಲಿ ಒಂದು ಲೋಟ ತೊಳೆದವರಲ್ಲ. ನಾನು ಒಲೆ ಮುಟ್ಟಿದ್ರೆ ಅನ್ನಕ್ಕೂ ರೇಡಿಯೇಶನ್ ಹತ್ತುತ್ತೆ ಅಂತ ಈ ತಿಂಗಳಿಡೀ ಅವರೇ ಅಡುಗೆ. ಅವರಿಗೆ ಮಾತ್ರ, ನನ್ನ ಮೈಯಲ್ಲಿ ಅದು ಇನ್ನೂ ಆರು ತಿಂಗಳು ಇರುತ್ತೆ ಅಂತ ಹೇಳ್ಬಿಡು."