ಬಾವಿ ತೋಡಿದ ನಾಕು ಅಜ್ಜಗೋಳು

ಊರಿನ ಇತಿಹಾಸ ಕೇಳಾಕ ಹೋದ್ರ ಮಂದಿ ತಮ್ಮ ಮನಿ ಇತಿಹಾಸ ಹೇಳಿ, ಚಾ ಕುಡಿಸಿ ಕಳಸ್ತಾರ. ಇದು ತಪ್ಪಂಗಿಲ್ಲ. ನಾನು ಮಹಾರಾಷ್ಟ್ರದ ಗಡಿಗೆ ಹತ್ತಿದ ಏಕಸಂಬಿ ಸಮೀಪದ ಒಂದು ಹೈಸ್ಕೂಲಿನ ಮಾಸ್ತರ. ಈ ವರ್ಷ ಒಂಬತ್ತನೇತ್ತಾ ಹುಡುಗೂರಿಗೆ "ನಿಮ್ಮೂರ ಇತಿಹಾಸ ನೀವ ಬರೀರಿ, ಊರ ಮುಂದ ಓದೂಣು" ಅಂದುಬಿಟ್ಟೆ. ಸುಮ್ನ ಪಾಠ ಮಾಡ್ಕೊಂಡು ಇರಬೇಕಿತ್ತು ನೋಡ್ರಿ.

೧. ತೋಡಿದವರು

ಊರ ನಡುವ ಒಂದು ಹಳೇ ಬಾವಿ ಐತಿ. ಅಲ್ಲಿಂದನ ಶುರು ಮಾಡಿದ್ವಿ. ದೊಡ್ಡ ಕಬ್ಬಿನ ಹೊಲದ ಹಿರ್ಯಾರೊಬ್ಬರು ಕಟ್ಟಿ ಮ್ಯಾಲ ಕುಂತು, "ಬರ್ಕೋರಿ, ಈ ಬಾವಿ ತೋಡಿದವ ನಮ್ಮಜ್ಜ" ಅಂದ್ರು. ಎದುರುಮನಿಯವರು ಅದನ್ನ ಕೇಳಿ, ಉಣ್ಣೂದು ಬಿಟ್ಟು ಓಡಿ ಬಂದ್ರು. "ನಿಮ್ಮಜ್ಜ ಎಲ್ಲಿಂದ ಬಂದ? ತೋಡಿದವ ನಮ್ಮಜ್ಜ!"

ಸಂಜಿಯೊಳಗ ನಾಕು ಮನಿ, ನಾಕು ಅಜ್ಜಗೋಳು. ಸಿಟ್ಟು ಏರಿದಂಗ ಎಲ್ಲಾರೂ ಕನ್ನಡ ಬಿಟ್ಟು ಮರಾಠಿ ಹಿಡದ್ರು. ಬಾವಿ ಮಾತ್ರ ಒಂದ ಉಳೀತು.

ನಮ್ಮ ಹುಡುಗಿಯೊಬ್ಬಾಕಿ ಕೇಳಿದ್ಲು: "ಕಾಕಾರ, ನಿಮ್ಮಜ್ಜಾರು ಒಬ್ಬರ ತೋಡಿದ್ರ ಮಣ್ಣು ಯಾರು ಹೊತ್ರು?"

"ಅದು ಪರೀಕ್ಷಾಕ್ಕ ಬರೂದಿಲ್ಲ, ಬಿಡವ್ವಾ" ಅಂದ್ರು ಕಬ್ಬಿನ ಹೊಲದವರು.

೨. ಹೊತ್ತಾಕಿ

ಆ ಹುಡುಗಿ ಬುದ್ಧ ವಿಹಾರದ ಓಣಿಯಾಕಿ. ಮರುದಿನ ನನ್ನ ತನ್ನ ಮನಿಗೆ ಕರಕೊಂಡು ಹೋದ್ಲು. ಅಕಿ ಅಜ್ಜಿ ಅಂದ್ಲು: "ತೋಡಿದವ ನಮ್ಮಪ್ಪ, ಮಾಸ್ತರ. ಸಣ್ಣಾಕಿದ್ದೆ, ಮಣ್ಣಿನ ಬುಟ್ಟಿ ಹೊತ್ತಾಕಿ ನಾನು. ನೀರು ಬರೂತನಾ ಒಳಗ ನಾವ ಇದ್ವಿ. ನೀರು ಬಂತು. ಸಾಕು, ಮ್ಯಾಲ ಬರ್ರಿ, ಇನ್ನ ಮುಟ್ಟಬ್ಯಾಡ್ರಿ ಅಂದ್ರು."

ಅಂದು ಮುದುಕಿ ಕಿಸಕ್ಕನ ನಕ್ಕಳು.

"ಸರ್, ಇದನ್ನೂ ಊರ ಮುಂದ ಓದಬೇಕ್ರಿ. ಇಲ್ಲಂದ್ರ ನನ್ನ ಹೆಸರು ತಗದುಬಿಡ್ರಿ" ಅಂದ್ಲು ಹುಡುಗಿ.

"ಜಗಳ ಆದ್ರ?"

"ಆಗಲಿ ಬಿಡ್ರಿ ಸರ್. ಅದನ್ನೂ ಬರಕೋತೀನಿ."

೩. ಗಾಡಿ ಹತ್ತಿದವರು

ಓದೂ ದಿನ ಸಾಲಿ ಅಂಗಳ ತುಂಬಿತ್ತು. ನಾಕೂ ಹಿರ್ಯಾರು ಮುಂದ ಕುರ್ಚಿ ಮ್ಯಾಲ. ಅಜ್ಜಿ ಹಿಂದ, ಗ್ವಾಡಿಗೆ ಆತು ಕುಂತಿದ್ಲು. ಹುಡುಗಿ ನಾಕು ಅಜ್ಜಗೋಳ ಹೆಸರು ಓದಿದ್ಲು. ಚಪ್ಪಾಳಿ ಬಿತ್ತು. ಆಮ್ಯಾಲ ತನ್ನ ಅಜ್ಜಿ ಮಾತು ಓದಿದ್ಲು.

"ಮುಟ್ಟಬ್ಯಾಡ್ರಿ ಅಂದವರು ಯಾರಂತ ಇನ್ನ ಸಿಕ್ಕಿಲ್ರಿ. ಗೊತ್ತಿದ್ದವರು ಹೇಳ್ರಿ, ಬರಕೋತೀನಿ" ಅಂದ್ಲು.

ಕಬ್ಬಿನ ಹೊಲದವರು ಎದ್ದರು. "ಆವತ್ತ ನಮ್ಮಜ್ಜ ಊರಾಗ ಇರಲೇ ಇಲ್ಲ. ತಂಬಾಕು ಮಾರಾಕ ನಿಪ್ಪಾಣಿಗೆ ಹೋಗಿದ್ದ."

ಎದುರುಮನಿಯವರು ತಡಾ ಮಾಡಲಿಲ್ಲ. "ಹೌದ್ರಿ, ಅದ ಗಾಡ್ಯಾಗ ನಮ್ಮಜ್ಜನೂ ಇದ್ದ!" ಉಳದ ಇಬ್ಬರೂ ತಮ್ಮ ತಮ್ಮ ಅಜ್ಜಗೋಳನ್ನ ಅದ ಗಾಡಿ ಹತ್ತಿಸಿದ್ರು. ಅಷ್ಟು ದಿನ ಬಡದಾಡಿದ ಮನಿಗೋಳು ಕಡೀಕ ಒಂದ ಗಾಡ್ಯಾಗ ಕುಂತಿದ್ದು ನೋಡಿ ನನಗ ಭಾಳ ಸಂತೋಷ ಆತು.

ಆವಾಗ ಹಿಂದಿಂದ ಅಜ್ಜಿ ದನಿ ಬಂತು:

"ಅಯ್ಯ ಎಪ್ಪಾ! ಎಲ್ಲಾರೂ ನಿಪ್ಪಾಣಿಗೆ ಹೋಗಿದ್ದು ನನಗ ಯಾರೂ ಹೇಳಲೇ ಇಲ್ಲಲ್ರಿ! ಗೊತ್ತಿದ್ರ ಆವತ್ತ ಒಂದು ಕೊಡ ನೀರು ತುಂಬಕೊಂಡು ಬರತಿದ್ನಿ!"