ಎರಡು ನೂಲು ವಾರೆ

ನಮ್ಮ ಸೋದರಮಾವನ ಕಣ್ಣಿಗೆ ಈ ಜಗತ್ತಿನಲ್ಲಿ ಯಾವುದೂ ನೇರವಾಗಿಲ್ಲ. ಸೃಷ್ಟಿ ಮಾಡುವಾಗ ದೇವರು ಅವರನ್ನು ಒಂದು ಮಾತು ಕೇಳಬೇಕಿತ್ತು, ಕೇಳಲಿಲ್ಲ. ಅದರ ಫಲವನ್ನು ನೆಂಟರಾದ ನಾವು ಉಣ್ಣುತ್ತಿದ್ದೇವೆ. ನಮ್ಮ ಮನೆಗೆ ಬಂದರೆ ನೀರು ಕುಡಿಯುವ ಮೊದಲೇ ಗೋಡೆಯ ಮೇಲಿನ ತಾತನ ಪಟಕ್ಕೆ ಕೈ ಹಾಕುತ್ತಾರೆ. ತಾತ ಬದುಕಿದ್ದಾಗ ಕೂರುತ್ತಿದ್ದುದೇ ಎಡಕ್ಕೆ ವಾಲಿಕೊಂಡು, ಪಟದಲ್ಲೂ ಹಾಗೇ ಕೂತಿದ್ದಾರೆ ಎಂದರೆ ಕೇಳುವವರು ಯಾರು? ಮಾವ ಹೋದ ಮೇಲೆ ನೋಡಿದರೆ ತಾತ ನೆಟ್ಟಗಿರುತ್ತಾರೆ, ಚೌಕಟ್ಟು ವಾರೆಯಾಗಿರುತ್ತದೆ. ಅಮ್ಮ ಅದನ್ನು ಮೊದಲಿನಂತೆ ತಿರುಗಿಸಿಡುತ್ತಾಳೆ.

ಇಷ್ಟು ಧೈರ್ಯವಾಗಿ ಬರೆಯುತ್ತಿರುವುದಕ್ಕೆ ಒಂದು ಕಾರಣವಿದೆ. ಮಾವ ಹುಟ್ಟಿದಾಗಿನಿಂದ ಮನೆಯಲ್ಲಿ ಆಡುವುದು ಕನ್ನಡ. ಆದರೆ ಕನ್ನಡ ಅಕ್ಷರ ಒಂದೂ ಬಾರದು. ತಮಿಳುನಾಡಿನ ಅವಿನಾಶಿಯ ಸುತ್ತಮುತ್ತಲಿನ ನಮ್ಮ ನೇಕಾರ ಮನೆಗಳಲ್ಲಿ ಇದೇನೂ ಹೊಸದಲ್ಲ. ಶಾಲೆ, ಸಂತೆ, ವ್ಯಾಪಾರ ಎಲ್ಲ ತಮಿಳಿನಲ್ಲಿ. ಊಟಕ್ಕೆ ಕರೆಯುವುದು ಮತ್ತು ಬೈಯುವುದು ಕನ್ನಡದಲ್ಲಿ. ನಾನು ಟೀಚರಾದ ಮೇಲೆ ಹಟಕ್ಕೆ ಬಿದ್ದು ಅಕ್ಷರ ಕಲಿತೆ. ಮೊದಲ ಬಾರಿ ಒಂದು ಪುಟ ಬರೆದು ಮಾವನಿಗೆ ತೋರಿಸಿದಾಗ, ಹಾಳೆಯನ್ನು ದೂರ ಹಿಡಿದು, ಹತ್ತಿರ ಹಿಡಿದು, ನಮ್ಮ ಕಡೆ ಮಕ್ಕಳನ್ನು ಮುದ್ದಿನಿಂದ ಕರೆಯುವಂತೆ, "ಸಾಲು ನೇರ ಇದೆ, ಕಣ್ಣು" ಅಂದರು. ನನ್ನ ಬರವಣಿಗೆಗೆ ಈವರೆಗೆ ಸಿಕ್ಕಿರುವ ಒಳ್ಳೆಯ ವಿಮರ್ಶೆ ಅದೊಂದೇ.

ಮಾವನ ಕಣ್ಣು ಹಾಗಾಗಿದ್ದು ಮಗ್ಗದಿಂದ. ನಲವತ್ತು ವರ್ಷ ಹಾಸುನೂಲಿನ ಮೇಲೆ ಬಗ್ಗಿ ಕೂತವರಿಗೆ ಒಂದು ಎಳೆ ಆಚೀಚೆ ಆದರೂ ಗೊತ್ತಾಗುತ್ತದೆ. ಮಗ್ಗದಲ್ಲಿ ಅದು ಗುಣ. ಮಗ್ಗ ಬಿಟ್ಟು ಎದ್ದ ಮೇಲೆ ಅದೇ ಪೀಡೆ. ನನ್ನ ಅಣ್ಣನಿಗೆ ಹೆಣ್ಣು ನೋಡಲು ಹೋದಾಗ, ಹುಡುಗಿ ಕಾಫಿ ತಂದಿಟ್ಟರೂ ಮಾವ ಬಾಗಿಲ ಕಡೆಯೇ ನೋಡುತ್ತಿದ್ದರು. ಹುಡುಗಿಯ ಅಪ್ಪ ಅಂಜುತ್ತಾ, "ಏನಾದರೂ ಕುಂದಾ?" ಎಂದು ಕೇಳಿದರು. ಮಾವ ಗಂಭೀರವಾಗಿ, "ಹುಡುಗಿ ಚಿನ್ನ. ನಿಲುವೇ ಬಲಕ್ಕೆ ವಾಲಿದೆ" ಅಂದರು. ಅವರು ಹೇಳಿದ್ದು ಬಾಗಿಲ ನಿಲುವಿನ ಮಾತು ಎಂದು ಆ ಮನೆಯವರಿಗೆ ತಿಳಿಹೇಳುವಷ್ಟರಲ್ಲಿ ಕಾಫಿ ಆರಿತ್ತು. ಮದುವೆಯೇನೋ ನಡೆಯಿತು, ಅದಕ್ಕೆ ಮುಂಚೆ ಬಡಗಿಯೂ ಬಂದುಹೋದ.

ಇಂಥ ಮನುಷ್ಯ ಕಾರು ಓಡಿಸಬಹುದೇ? ಓಡಿಸುತ್ತಿದ್ದರು. ಕುನ್ನತ್ತೂರಿನಲ್ಲಿ ನೆಂಟರ ಮಗುವಿಗೆ ಕಿವಿ ಚುಚ್ಚುವ ಶಾಸ್ತ್ರವಿತ್ತು. ಮಾವ ಸ್ಟೇರಿಂಗ್ ಹಿಡಿದಿದ್ದರು. ಪಕ್ಕದಲ್ಲಿ ಅತ್ತೆ, ಮಡಿಲಲ್ಲಿ ಉಡುಗೊರೆಯ ಹಿತ್ತಾಳೆ ಕೊಡ. ದಾರಿಯಲ್ಲಿ ಒಂದು ಗೊಬ್ಬರದಂಗಡಿಯ ಬೋರ್ಡು ವಾಲಿತ್ತು. "ಅಲ್ಲಿ ನೋಡು, ಬೋರ್ಡು ಹೆಂಗೆ ವಾರೆ ಕಟ್ಟಿದ್ದಾನೆ" ಎಂದು ಮಾವ ಕೈ ತೋರಿಸಿದರು. ಅತ್ತೆ ಬೋರ್ಡು ನೋಡಲಿಲ್ಲ. ಅವರು ನೋಡಿದ್ದು ಮುಂದೆ ನಿಂತಿದ್ದ ಟೌನ್ ಬಸ್ಸನ್ನು. ಕಾರಿನ ಎಡಮೂತಿ ಹೋಗಿ ಬಸ್ಸಿನ ಹಿಂಭಾಗಕ್ಕೆ ಗುದ್ದಿತು. ಅತ್ತೆಗೆ ಸೀಟ್ ಬೆಲ್ಟ್ ಒತ್ತಿ ಹೆಗಲು ನೀಲಿಗಟ್ಟಿದ್ದು ಬಿಟ್ಟರೆ ಯಾರಿಗೂ ಏನೂ ಆಗಲಿಲ್ಲ.

ಬಸ್ಸಿಗಂತೂ ಏನೇನೂ ಆಗಲಿಲ್ಲ. ಕಂಡಕ್ಟರ್ ಇಳಿದು ಬಂದು, ಒಂದು ಕಡೆ ಬಣ್ಣ ಹತ್ತಿದ್ದನ್ನು ಉಗುರಿನಿಂದ ಕೆರೆದು ನೋಡಿ, ಸರಿ ಎಂದು ವಾಪಸು ಹೊರಟ. ಆಗ ಅತ್ತೆ ಕೊಡ ಹಿಡಿದುಕೊಂಡು ಕಾರಿನಿಂದ ಇಳಿದರು. "ಇನ್ನು ನಾನು ಈ ವಂಡಿ ಏರಲ್ಲ" ಅಂದವರೇ ಸೀದಾ ಹೋಗಿ ಅದೇ ಬಸ್ಸು ಹತ್ತಿದರು. ಶಾಸ್ತ್ರಕ್ಕೆ ಹೊತ್ತಿಗೆ ಸರಿಯಾಗಿ ತಲುಪಿಯೂ ಬಿಟ್ಟರು. ಯಜಮಾನರು ಎಲ್ಲಿ ಎಂದು ಕೇಳಿದವರಿಗೆಲ್ಲ, "ಬಸ್ಸಿನ ಹಿಂದೇನೇ ಬಂದ್ರು, ಸ್ವಲ್ಪ ಜಾಸ್ತಿ ಹತ್ತಿರ ಬಂದ್ರು" ಅಂದರಂತೆ. ಮಗುವಿನ ಕಿವಿ ಚುಚ್ಚಿ ಮುಗಿದ ಮೇಲೆ ಮಾವ ಯಾರದೋ ಟೆಂಪೋದಲ್ಲಿ ಬಂದಿಳಿದರು.

ಅತ್ತೆ ಮಾತಿಗೆ ತಪ್ಪುವವರಲ್ಲ. ಅಂದಿನಿಂದ ಎಲ್ಲಿಗೆ ಹೋದರೂ ಬಸ್ಸೇ. ಮಾವನ ನಿದ್ದೆ ಕೆಟ್ಟಿದ್ದು ಕಾರು ಮುರಿದದ್ದಕ್ಕಲ್ಲ, ಇದಕ್ಕೆ. ಅವರು ಕಾರು ಕೊಂಡದ್ದೇ ಅತ್ತೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಓಡಾಡಲು. ಒಬ್ಬರೇ ಓಡಿಸಿದ್ದನ್ನು ನಾನು ಕಂಡಿಲ್ಲ. ಆದರೆ ಮಾವನ ಲೆಕ್ಕ ಸರಳ: ವಂಡಿ ವಾರೆ ಆಗಿದೆ, ಅದಕ್ಕೇ ಅವಳು ಏರುತ್ತಿಲ್ಲ, ವಂಡಿ ನೇರ ಆದರೆ ಏರುತ್ತಾಳೆ. ಇದನ್ನು ನನಗೆ ಎಷ್ಟು ಸಾರಿ ಹೇಳಿದರೋ ಗೊತ್ತಿಲ್ಲ. ನಾನೂ ಸುಮ್ಮನೆ ತಲೆಯಾಡಿಸಿದೆ.

ಕಾರನ್ನು ಅನ್ನೂರಿನ ಒಂದು ಟಿಂಕರಿಂಗ್ ವರ್ಕ್‌ಶಾಪಿಗೆ ಎಳೆಸಿದರು. ನನಗೆ ಬೇಸಿಗೆ ರಜೆ, ಹಾಗಾಗಿ ಮಾವ ನನ್ನ ಸ್ಕೂಟರಿನ ಹಿಂದೆ ಕೂತರು. ದಾರಿಯುದ್ದಕ್ಕೂ ನನ್ನ ಹೆಗಲ ಮೇಲಿಂದ ಕೈ ಚಾಚಿ ಕನ್ನಡಿ ಸರಿಮಾಡುತ್ತಿದ್ದರು. ಅನ್ನೂರು ತಲುಪುವ ಹೊತ್ತಿಗೆ ಕನ್ನಡಿಯಲ್ಲಿ ನನಗೆ ಕಾಣುತ್ತಿದ್ದದ್ದು ಮಾವನ ಮುಖ ಮಾತ್ರ, ಹಿಂದಿನ ರಸ್ತೆಯಲ್ಲ.

ವರ್ಕ್‌ಶಾಪಿನ ಮೇಸ್ತ್ರಿ ನಿಧಾನದ ಮನುಷ್ಯ. ಅವರ ತಮಿಳನ್ನು ನಿಮಗೋಸ್ಕರ ಕನ್ನಡ ಮಾಡಿ ಹೇಳುತ್ತೇನೆ, ನಮ್ಮ ಸೀಮೆಯವರು ಮರ್ಯಾದೆಗೆ ಮಾತಿನ ಕೊನೆಗೆ ಸೇರಿಸುವ 'ಇಂಗ', 'ಉಂಗ' ಮಾತ್ರ ಹಾಗೇ ಬಿಡುತ್ತೇನೆ. ಬಾನೆಟ್ಟು, ಬಂಪರು, ದೀಪ ಇವೆಲ್ಲ ಮೇಲಿನ ಅಲಂಕಾರ, ಅದರ ಚಿಂತೆ ಬೇಡ. ಇಂಜಿನ್ನಿನ ಎರಡು ಪಕ್ಕ ಮುಂದಕ್ಕೆ ಚಾಚಿಕೊಂಡಿರುವ ಎರಡು ಕಬ್ಬಿಣದ ಕಾಲುಗಳಿವೆ. ಕಾರಿನ ಮುಂಭಾಗವೆಲ್ಲ ನಿಂತಿರುವುದು ಅದರ ಮೇಲೆ. ಎಡಗಾಲಿಗೆ ಏಟು ಬಿದ್ದಿದೆ. ಹೀಗೆಂದು ಮೇಸ್ತ್ರಿ ಕೆಳಗೆ ಮಲಗಿ, ಟಾರ್ಚ್ ಹಾಕಿ ನೋಡಿ, ಎದ್ದು ಬಂದು ಹೇಳಿದರು: "ರೆಂಡು ನೂಲ್ ವಿತ್ಯಾಸಂ ಇರುಕ್ಕುಂಗ."

ಎರಡು ನೂಲಿನಷ್ಟು ವ್ಯತ್ಯಾಸ! ಮಾವನ ಮುಖ ಅರಳಿತು. ಕೈ ಮುಗಿಯುವುದೊಂದು ಬಾಕಿ. "ಯಾವ ನಂಬರ್ ನೂಲು? ನಲವತ್ತಾ, ಎಂಬತ್ತಾ?" ಎಂದು ನೇಕಾರರು ನೂಲಿನ ದಪ್ಪ ವಿಚಾರಿಸುವಂತೆ ಕೇಳಿದರು. ಮೇಸ್ತ್ರಿ ಏನೂ ಅರ್ಥವಾಗದೆ ನನ್ನ ಮುಖ ನೋಡಿದರು. ಹಿರಿಯರು ಏನೋ ಕೇಳುತ್ತಿದ್ದಾರೆ, ಇಲ್ಲ ಅನ್ನಬಾರದು ಎಂದುಕೊಂಡೋ ಏನೋ, "ನಲವತ್ತೇ ಇರಲಿಂಗಯ್ಯಾ" ಅಂದುಬಿಟ್ಟರು. ವಾಪಸು ಬರುವಾಗ ಸ್ಕೂಟರಿನ ಹಿಂದಿನಿಂದ ಒಂದೇ ಹೊಗಳಿಕೆ: "ನೋಡು ಕಣ್ಣು, ಕಬ್ಬಿಣದಲ್ಲಿ ನೂಲಿನ ಗಾತ್ರ ಹಿಡಿಯುವ ಕಣ್ಣು! ಇವರು ನೇಕಾರರ ಮನೇಲಿ ಹುಟ್ಟಬೇಕಿತ್ತು." ನನಗೂ ಆಗ ವಿಷಯ ಗೊತ್ತಿರಲಿಲ್ಲ.

ಮನೆಗೆ ಬಂದವರೇ ಅತ್ತೆಗೆ ಸುದ್ದಿ ಹೇಳಿದರು. "ಬರೇ ಎರಡು ನೂಲು. ನಲವತ್ತನೇ ನಂಬರು. ಅಷ್ಟಕ್ಕೆ ವಂಡಿ ಏರಲ್ಲ ಅಂತೀಯಾ?"

ಅತ್ತೆ ರಾಗಿ ಹಿಟ್ಟು ಜರಡಿ ಹಿಡಿಯುತ್ತಿದ್ದರು. ಕೈ ನಿಲ್ಲಿಸಲಿಲ್ಲ. "ಎರಡು ನೂಲಿಗೆ ನನ್ನ ಹೆಗಲು ಇಷ್ಟು ನೀಲಿ ಆಗುತ್ತಾಂಗ? ನಾಳೆ ಬಸ್ಸಲ್ಲಿ ನಾನು ಅಕ್ಕನ ಮನೆಗೆ ಹೋಗ್ತೀನಿ. ಆ ಡ್ರೈವರು ರೋಡು ನೋಡಿ ಓಡಿಸ್ತಾನೆ, ಬೋರ್ಡು ನೋಡಲ್ಲ" ಅಂದರು.

ಮೂರನೇ ದಿನ ಬಂಪರು, ರೇಡಿಯೇಟರು ಎಲ್ಲ ಬಿಚ್ಚಿಟ್ಟಿದ್ದಾರೆ ಎಂದು ಫೋನು ಬಂತು. ಮಾವ ಹೊರಟರು. ಕೈಚೀಲದಲ್ಲಿ ಒಂದು ಉಂಡೆ ನಲವತ್ತನೇ ನಂಬರ್ ನೂಲು ಮತ್ತು ಒಂದು ತೂಗುಗುಂಡು. ಕಾರಿನ ಕೆಳಗಿನ ನಾಲ್ಕು ಬೋಲ್ಟುಗಳಿಂದ ಗುಂಡು ಇಳಿಬಿಟ್ಟು, ನೆಲದ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿ, ಮೂಲೆಯಿಂದ ಮೂಲೆಗೆ ನೂಲು ಎಳೆದು ಅಳೆದರು. ಎರಡು ಅಳತೆಯೂ ಸಮ ಬರಬೇಕು. ಬರಲಿಲ್ಲ. ಎಷ್ಟು ಹೆಚ್ಚಾಯಿತೋ ಅಷ್ಟನ್ನು ಒಂದು ಪೆನ್ಸಿಲಿನ ಮೇಲೆ ಗುರುತು ಮಾಡಿ, ಅದರ ಮೇಲೆ ನೂಲನ್ನು ಒತ್ತೊತ್ತಾಗಿ ಸುತ್ತಿ, ಕನ್ನಡಕ ಏರಿಸಿ ಒಂದೊಂದೇ ಎಣಿಸಿದರು.

"ಮೇಸ್ತ್ರಿ, ನೀವು ಎರಡು ನೂಲು ಅಂದ್ರಿ. ಇಲ್ಲಿ ನಲವತ್ತೊಂದು ಇದೆ."

ವರ್ಕ್‌ಶಾಪಿನಲ್ಲಿ ಸುತ್ತಿಗೆಗಳೆಲ್ಲ ನಿಂತವು. ಮೇಸ್ತ್ರಿ ಪೆನ್ಸಿಲನ್ನು ತಿರುತಿರುಗಿಸಿ ನೋಡಿದರು. ಆಮೇಲೆ ಜೇಬಿನಿಂದ ಟೇಪು ತೆಗೆದು ಪೆನ್ಸಿಲಿಗೆ ಹಿಡಿದು ತೋರಿಸಿದರು: ಕಾಲು ಇಂಚು. ಅವರ ಕಸುಬಿನಲ್ಲಿ ನೂಲೆಂದರೆ ಇಂಚಿನ ಎಂಟನೇ ಒಂದು ಭಾಗವಂತೆ. ಕಬ್ಬಿಣದವರು, ಬಡಗಿಗಳು ಎಲ್ಲರೂ ಹಾಗೇ ಅನ್ನುತ್ತಾರಂತೆ. ನೂಲಿನ ಮೇಲೆಯೇ ಬದುಕುವ ಈ ಸೀಮೆಯಲ್ಲಿ, ನೂಲಿನಲ್ಲೇ ಹುಟ್ಟಿ ಬೆಳೆದ ಮನುಷ್ಯನಿಗೆ ಈ ವಿಷಯ ಯಾರೂ ಹೇಳಿರಲಿಲ್ಲ. ಮಾವ ಪೆನ್ಸಿಲನ್ನು ವಾಪಸು ಇಸಿದುಕೊಂಡು, "ಇಷ್ಟು ದಪ್ಪ ನೂಲಲ್ಲಿ ನೀವು ಏನು ನೇಯ್ತೀರಿ, ಚಾಪೆಯಾ?" ಎಂದು ಕೇಳಿದರು. ಮೇಸ್ತ್ರಿಗೆ ನಗು ತಡೆಯಲಾಗಲಿಲ್ಲ, ಒಳಗೆ ಹೋಗಿ ಚಹಾ ಹೇಳಿಬಂದರು.

ಚಹಾ ಕುಡಿಯುತ್ತಾ ಅಸಲಿ ಮಾತು ಬಂತು. ಆ ಎಡಗಾಲು ಬಾಗಿದ್ದಲ್ಲ, ಮಡಚಿಹೋಗಿತ್ತು. ಬಂದವರೆಲ್ಲ ಎಳೆದು ನೆಟ್ಟಗೆ ಮಾಡಿಕೊಡಿ ಅನ್ನುತ್ತಾರೆ, ಅಯ್ಯನವರು ಏನನ್ನುತ್ತಾರೆ ಎಂದು ಮೇಸ್ತ್ರಿ ಕೇಳಿದರು. ಮಾವ ಆ ಮಡಿಕೆಯ ಮೇಲೆ ಬೆರಳಾಡಿಸಿದರು. "ಹರಿದ ಎಳೆಗೆ ಗಂಟು ಹಾಕಬಹುದು. ಜಗ್ಗಿ ಸೋತ ಎಳೆ ಕಣ್ಣಿಗೆ ಚೆನ್ನಾಗಿ ಕಂಡರೂ ನಾಳೆ ಕೈ ಕೊಡುತ್ತೆ. ತೆಗೆದು ಹೊಸದು ಹಾಕಿ" ಅಂದರು. ಮೇಸ್ತ್ರಿ ಲೋಟ ಕೆಳಗಿಟ್ಟು, ಬಾಗಿದ್ದನ್ನು ನೇರ ಮಾಡಬಹುದು, ಮಡಚಿದ್ದನ್ನು ಬದಲಾಯಿಸಲೇಬೇಕು ಎಂದು ತಮ್ಮ ಗುರುವೂ ಹೇಳುತ್ತಿದ್ದರು ಎಂದರು. ಅಲ್ಲಿಂದಾಚೆಗೆ ಇಬ್ಬರೂ ಒಂದಾದರು.

ಆ ಎರಡು ವಾರ ಅನ್ನೂರು ಏನೇನು ಅನುಭವಿಸಿತೋ! ಮೇಸ್ತ್ರಿ ಹಳೆಯ ಕಾಲಿನ ಬೆಸುಗೆಯ ಚುಕ್ಕಿಗಳನ್ನು ಒಂದೊಂದಾಗಿ ಕೊರೆದು ಬಿಡಿಸಿದರು. ಕಾರನ್ನು ಅಲುಗದಂತೆ ಬಿಗಿದು, ಹೊಸ ಕಾಲು, ರೇಡಿಯೇಟರ್ ಹಿಡಿಯುವ ಹೊಸ ಚೌಕಟ್ಟು, ಚಕ್ರದ ಪಕ್ಕದ ಒಳತಗಡು ಎಲ್ಲ ಕೂರಿಸಿದರು. ಪ್ರತಿ ಹಂತದಲ್ಲೂ ಮಾವ ನೂಲು ಹಿಡಿದು ಹಾಜರು. ಮೇಸ್ತ್ರಿಯ ಅಳತೆಗೋಲು ಸರಿ ಅಂದರೂ ಮಾವನ ನೂಲು ಸರಿ ಅನ್ನಬೇಕು. ಒಮ್ಮೆ ಕಿಡಿ ಹಾರಿ ನೂಲು ಹೊತ್ತಿಕೊಂಡಿತು. ಮಾವ ಕೈಚೀಲದಿಂದ ಇನ್ನೊಂದು ಉಂಡೆ ತೆಗೆದರು. ನಡುವೆ ಬಿಡುವಾದಾಗ ವರ್ಕ್‌ಶಾಪಿನ ದೇವರ ಪಟ, ಕ್ಯಾಲೆಂಡರು, ಸ್ಪ್ಯಾನರ್ ತೂಗುಹಾಕುವ ಹಲಗೆ ಎಲ್ಲ ನೇರವಾದವು. ಕೊನೆಗೆ ಮೇಸ್ತ್ರಿ ಒಂದು ಸ್ಟೂಲನ್ನು ಹೊರಗೆ ರಸ್ತೆಯ ಕಡೆಗೆ ಹಾಕಿಕೊಟ್ಟರು. ಎದುರುಗಡೆ ಕರೆಂಟ್ ಕಂಬ ವಾಲಿತ್ತು, ಮಾವ ಅದನ್ನು ನೋಡುತ್ತಾ ಮಧ್ಯಾಹ್ನವಿಡೀ ಕೂತರು.

ಕಾರು ಮನೆಗೆ ಬಂದ ದಿನ ನಾನೂ ಹೋಗಿದ್ದೆ. ಬಾನೆಟ್ಟಿನ ಸಂದು ಎರಡೂ ಕಡೆ ಸಮ. ಬಣ್ಣದಲ್ಲಿ ಗೋಡೆಯ ಬಿಂಬ ಸೀದಾ ಬಿದ್ದಿತ್ತು. ಮಾವ ಎಡಗಡೆಯ ಬಾಗಿಲು ತೆರೆದಿಟ್ಟು, ಸೀಟಿನ ಧೂಳನ್ನು ಟವೆಲಿನಿಂದ ಒರೆಸಿ ನಿಂತರು. ಅತ್ತೆ ಹೊರಗೆ ಬಂದು ಕಾರಿನ ಸುತ್ತ ಒಂದು ಸುತ್ತು ಹಾಕಿದರು.

"ನೇರ ಇದೆ" ಅಂದರು ಅತ್ತೆ.

"ಒಂದು ನೂಲೂ ವಾರೆ ಇಲ್ಲ. ಏರು" ಅಂದರು ಮಾವ.

ಅತ್ತೆ ಏರಲಿಲ್ಲ. ತೆರೆದ ಬಾಗಿಲ ಮೇಲೆ ಕೈಯಿಟ್ಟು ನಿಂತರು. "ವಂಡಿ ಮೇಲೆ ನನಗೆ ಏನುಂಗ ಕೋಪ? ಅದು ಏನು ಮಾಡ್ತು? ಗುದ್ದಿದ ಮೇಲೆ ನೀವು ಇಳಿದು ಮುಂದಕ್ಕೆ ಹೋದ್ರಿ. ಬಂಪರು ನೋಡಿದ್ರಿ, ಬಾನೆಟ್ಟು ನೋಡಿದ್ರಿ. ನಾನು ಒಳಗೇ ಕೂತಿದ್ದೆ. ನನ್ನ ಕಡೆ ನೀವು ತಿರುಗಿ ಕೂಡ ನೋಡಲಿಲ್ಲ."

ಇದು ನನಗೂ ಹೊಸದು. ಅತ್ತೆ ಇಷ್ಟು ದಿನ ನಗಿಸುತ್ತಾ, ಬಸ್ಸಿನ ಕತೆ ಹೇಳುತ್ತಾ ಓಡಾಡಿದ್ದನ್ನೇ ನಾವೆಲ್ಲ ನಂಬಿದ್ದೆವು. ಮಾವ ಟವೆಲನ್ನು ಮಡಿಸಿದರು, ಬಿಡಿಸಿದರು, ಮತ್ತೆ ಮಡಿಸಿದರು.

"ಬಯ ಆಯ್ತು" ಅಂದರು.

"ಏನು?"

"ಗುದ್ದಿದ ಮೇಲೆ ನಿನ್ನ ಕಡೆಯಿಂದ ಒಂದು ಮಾತೂ ಬರಲಿಲ್ಲ. ತಿರುಗಿ ನೋಡಿದ್ರೆ ಏನು ಕಾಣುತ್ತೋಂತ ಬಯ. ಅದಕ್ಕೇ ಇಳಿದು ಮುಂದಕ್ಕೆ ಹೋದೆ. ಬಂಪರು ಇತ್ತಾ, ಬಿದ್ದಿತ್ತಾ, ನನಗೆ ಒಂದೂ ಕಾಣಲಿಲ್ಲ. ಆಮೇಲೆ ನೀನು ಒಳಗಿಂದ ಬೈದೆ. ಆಗ ನನಗೆ ಉಸಿರು ಬಂತು."

ಇಷ್ಟು ವರ್ಷ ನಾನು ಈ ಮನುಷ್ಯನನ್ನು ನೋಡಿ ನಕ್ಕಿದ್ದೇನೆ. ಅವರೂ ಹೆದರುತ್ತಾರೆ ಎಂಬುದು ನನ್ನ ತಲೆಗೆ ಹೊಳೆದೇ ಇರಲಿಲ್ಲ.

ಅತ್ತೆ ಒಳಗೆ ಹೋದರು. ಮಾವ ನನ್ನ ಕಡೆ ನೋಡಲಿಲ್ಲ, ನಾನೂ ನೋಡಲಿಲ್ಲ. ಸ್ವಲ್ಪ ಹೊತ್ತಿಗೆ ಅತ್ತೆ ಸೀರೆ ಬದಲಾಯಿಸಿ, ಚಪ್ಪಲಿ ಮೆಟ್ಟಿಕೊಂಡು ಬಂದು ಮುಂದಿನ ಸೀಟಿನಲ್ಲಿ ಕೂತರು. ಮಾವ ಆ ಕಡೆಯಿಂದ ಹೋಗಿ ಕೂತು, ಬೀಗದ ಕೈ ಹಾಕಲು ನೋಡಿದರು. ಎರಡು ಸಾರಿ ತಪ್ಪಿತು.

"ಬಿಡಿ" ಅಂದರು ಅತ್ತೆ. "ಎಲ್ಲೂ ಹೋಗೋದು ಬೇಡ. ಸ್ವಲ್ಪ ಹೊತ್ತು ಹಿಂಗೇ ಕೂತಿರೋಣ."

ನಾನು ಗೇಟು ಮುಂದಕ್ಕೆಳೆದು ಮನೆಗೆ ಹೊರಟೆ.